ಪದ್ಮಿನೀ ನಭೋವಾಣೀ ಸಂಯೋಗ ಮೀಮಾಂಸೆ

ಹಳೆಯ ಕಾರಿನ ಸ್ಟೀರಿಯೊಗೆ ಉಪಗ್ರಹ ರೇಡಿಯೊ ಸೇರಿಸಬಹುದೆ? ಸೇರಿಸಿದರೆ ಹಾಡೀತೆ? ಹಾಡಿದರೆ ಯಾರ ಹಾಡು? ಈ ಪ್ರಶ್ನೆಗಳ ಮೇಲೆ ಕೆಜಿಎಫ್‌ನ ವಿದ್ವತ್ ಸಭೆಯಲ್ಲಿ, ಎಂದರೆ ರಾಬರ್ಟ್‌ಸನ್‌ಪೇಟೆಯ ಒಂದು ಕಾರ್ ಎಲೆಕ್ಟ್ರಿಷಿಯನ್ ಅಂಗಡಿಯ ಬೆಂಚಿನ ಮೇಲೆ, ನಡೆದ ವಾಗ್ವಾದವೇ ಈ ಪ್ರಬಂಧದ ವಸ್ತು. ಮೂಲಗ್ರಂಥವು ಪ್ರೀಮಿಯರ್ ಪದ್ಮಿನಿ. ಊರಿನವರ ಪಾಠಾಂತರದಲ್ಲಿ 'ಫಿಯಟ್'. ಬಣ್ಣ ಕ್ರೀಮ್, ಗೇರು ಸ್ಟಿಯರಿಂಗ್ ಪಕ್ಕದಲ್ಲಿ, ಎಡಹಿಂಬದಿಯ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ.

ಮೊದಲು ಸ್ಥಳಪುರಾಣ. ದೂರದ್ದನ್ನು ತರಿಸಿಕೊಳ್ಳುವುದು ಈ ಊರಿನ ಹಳೆಯ ಚಾಳಿ. 1902ರಲ್ಲಿ, ಬೆಂಗಳೂರಿನ ಬೀದಿಗಳಿಗಿನ್ನೂ ವಿದ್ಯುತ್ ದೀಪ ಬಾರದಿದ್ದಾಗಲೇ, ಇದು ಶಿವನಸಮುದ್ರದಿಂದ ಸುಮಾರು 147 ಕಿಮೀ ತಂತಿ ಎಳೆಸಿ ಕರೆಂಟು ತರಿಸಿಕೊಂಡಿತು. 1965ರಲ್ಲಿ ಇನ್ನೂ ದೂರಕ್ಕೆ ಕೈಚಾಚಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಒಸಾಕಾ ಸಿಟಿ ಮತ್ತು ಡರ್ಹಮ್ ವಿಶ್ವವಿದ್ಯಾಲಯಗಳವರೊಂದಿಗೆ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಮೀ ಆಳಕ್ಕಿಳಿದು, ವಾತಾವರಣದಲ್ಲಿ ಹುಟ್ಟಿ ಬಂಡೆ ತೂರಿ ಬಂದ ನ್ಯೂಟ್ರಿನೊಗಳ ಗುರುತು ಹಿಡಿದರು. ಅಂಥ ಸುದ್ದಿಯನ್ನು ಜಗತ್ತಿನಲ್ಲಿ ಮೊದಲು ಪ್ರಕಟಿಸಿದವರು ಅವರೇ. ಇಂಥ ಊರಿಗೆ ಆಕಾಶದ ಹಾಡನ್ನು ಇಳಿಸಿಕೊಳ್ಳುವುದು ಏನು ಮಹಾ ಎಂದು ಫಿಯಟ್ ಯಜಮಾನರಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ.

ಆಕಾಶದಲ್ಲಿ ಹಾಡೂ ಇತ್ತು. ವರ್ಲ್ಡ್‌ಸ್ಪೇಸ್ ಕಂಪನಿಯ ಏಷ್ಯಾಸ್ಟಾರ್ ಉಪಗ್ರಹ 2000ದ ಮಾರ್ಚ್‌ನಲ್ಲಿ ಮೇಲೇರಿ, ಸಮಭಾಜಕದ ಮೇಲೆ 35,786 ಕಿಮೀ ಎತ್ತರದಲ್ಲಿ, 105 ಡಿಗ್ರಿ ಪೂರ್ವ ರೇಖಾಂಶದಲ್ಲಿ ಆಸನ ಹಾಕಿತ್ತು. ಕನ್ನಡಕ್ಕೆ 'ಸ್ಪರ್ಶ', ತಮಿಳಿಗೆ 'ಕೆಎಲ್ ರೇಡಿಯೊ', ಕರ್ನಾಟಕ ಸಂಗೀತಕ್ಕೆ 'ಶ್ರುತಿ'. ಯಜಮಾನರದು ಮೊದಲನೆಯದು, ಡ್ರೈವರನದು ಎರಡನೆಯದು, ಹಿಂದೆ ಕೂರುವ ಅತ್ತೆಯವರದು ಮೂರನೆಯದು. ಈ ತ್ರಿಭಾಷಾ ಸೂತ್ರವನ್ನು ಇಲ್ಲಿ ಬಗೆಹರಿಸಲು ಹೋಗುವುದಿಲ್ಲ, ಸರ್ಕಾರಗಳಿಂದಲೇ ಆಗಿಲ್ಲ.

ಇನ್ನು ಸಂಯೋಗದ ವಿಚಾರ. ಬೆಂಚಿನ ಮೇಲೆ ಮೂರು ಮತಗಳಿದ್ದವು. ಮೊದಲನೆಯದು ದ್ವೈತ. ಉಪಗ್ರಹದ ಡಬ್ಬಿ ಬೇರೆ, ಸ್ಟೀರಿಯೊ ಬೇರೆ, ಇವೆರಡು ಎಂದೂ ಒಂದಾಗವು. ನಡುವೆ ಎಫ್‌ಎಂ ಮಾಡ್ಯುಲೇಟರ್ ಎಂಬ ಪುಟ್ಟ ಪ್ರಸಾರಯಂತ್ರವಿಟ್ಟು ಒಂದರ ಮಾತನ್ನು ಇನ್ನೊಂದು ದೂರದಿಂದಲೇ ಕೇಳುವಂತೆ ಮಾಡಬೇಕು. ಯುಕ್ತಿಯೇನೋ ಚೆನ್ನ. ಆದರೆ ಆ ಸ್ಟೀರಿಯೊದಲ್ಲಿ ಎಫ್‌ಎಂ ಪಟ್ಟಿಯೇ ಇರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಮೀಡಿಯಂ ವೇವ್, ಅದರಲ್ಲೂ 612 ಕಿಲೋಹರ್ಟ್ಜ್‌ನ ಬೆಂಗಳೂರು ಆಕಾಶವಾಣಿ. ಎರಡನೆಯದು ಅದ್ವೈತ. ಡಬ್ಬಿಯಿಂದ ನೇರ ವೈರೆಳೆದು ಸ್ಟೀರಿಯೊದ ಆಕ್ಸ್ ತೂತಿಗೆ ಚುಚ್ಚಿದರೆ ಭೇದವೆಲ್ಲ ಮಾಯ. ಇಲ್ಲಿ ತೂತೇ ಮಾಯವಾಗಿದ್ದರಿಂದ ಚರ್ಚೆ ಬೇಗ ಮುಗಿಯಿತು.

ಉಳಿದದ್ದು ವಿಶಿಷ್ಟಾದ್ವೈತ. ಹೊರನೋಟಕ್ಕೆ ಕ್ಯಾಸೆಟ್, ಒಳಗೆ ಟೇಪಿಲ್ಲ; ಟೇಪಿನ ಜಾಗದಲ್ಲಿ ಒಂದು ಹೆಡ್, ಬಾಲದಂತೆ ಒಂದು ವೈರು. ಸ್ಟೀರಿಯೊದ ಹೆಡ್ಡಿಗೆ ಈ ಹೆಡ್ಡು ಕಾಂತಶಕ್ತಿಯಿಂದಲೇ ಹಾಡನ್ನು ದಾಟಿಸುತ್ತದೆ. ಎಲೆಕ್ಟ್ರಿಷಿಯನ್ ಅದನ್ನು ಒಳಗೆ ತಳ್ಳಿದ. ಸ್ಟೀರಿಯೊಗೆ ಆಟೋ ರಿವರ್ಸ್ ಇತ್ತು. ಟೇಪು ಮುಗಿಯಿತೆಂದು ತಿಳಿದು ಅದು 'ಟಕ್' ಎಂದು ಬಿ ಸೈಡಿಗೆ ತಿರುಗಿತು. ಅಲ್ಲಿಯೂ ಮುಗಿದಂತೆ ಕಂಡು 'ಟಕ್' ಎಂದು ಎ ಸೈಡಿಗೆ ಮರಳಿತು. ಹೀಗೆ ಟಕ್ ಟಕ್ ಎನ್ನುತ್ತ ಹೊಸ ತಾಳವೊಂದು ಸಿದ್ಧವಾಯಿತು. ಅತ್ತೆಯವರು ಅದಕ್ಕೆ ಆದಿತಾಳ ಹಾಕಲು ನೋಡಿ ಸೋತರು. ಎಲೆಕ್ಟ್ರಿಷಿಯನ್ ಅಡಾಪ್ಟರಿನ ಹಲ್ಲುಚಕ್ರವೊಂದನ್ನು ಕಿತ್ತು ಜೇಬಿಗಿಟ್ಟುಕೊಂಡ ಮೇಲೆ ಸದ್ದು ನಿಂತಿತು. ಅವನ ಭಾಷ್ಯ ಚಿಕ್ಕದು: "ಸಾರ್, ಡಬ್ಬಿಯಿಂದ ಸ್ಪೀಕರ್‌ವರೆಗೂ ನಾನು ಗ್ಯಾರಂಟಿ. ಮೇಲಿಂದ ಬರೋದು ನನ್ ಕೈಲಿಲ್ಲ."

ಮೇಲಿಂದ ಬರುವುದೇ ಸಮಸ್ಯೆ. ಬಂಡೆಯನ್ನು ಲೆಕ್ಕಿಸದ ನ್ಯೂಟ್ರಿನೊ ಎಲ್ಲಿ, ಫಿಯಟ್ಟಿನ ತಗಡಿಗೇ ಹೆದರುವ ಈ ಅಲೆ ಎಲ್ಲಿ! ತಾರಸಿಯ ಮೇಲೆ ಕದಲದೆ ಕೂರುವ ರಿಸೀವರಿಗಾಗಿ ಮಾಡಿದ ವ್ಯವಸ್ಥೆ ಅದು. ಅಂಗೈಯಗಲದ ಆಂಟೆನಾ ಉಪಗ್ರಹದತ್ತಲೇ ಮುಖ ಮಾಡಿರಬೇಕು. ಕೆಜಿಎಫ್‌ನಲ್ಲಿ ಪೂರ್ವದಿಂದ ತುಸು ದಕ್ಷಿಣಕ್ಕೆ ವಾಲಿ, ಸುಮಾರು 55 ಡಿಗ್ರಿ ಮೇಲಕ್ಕೆ. ಅಮೆರಿಕದ ಎಕ್ಸ್‌ಎಂ, ಸಿರಿಯಸ್ ಕಂಪನಿಗಳು ಓಡುವ ಕಾರುಗಳಿಗಾಗಿ ಪಟ್ಟಣಗಳಲ್ಲಿ ಮರುಪ್ರಸಾರ ಗೋಪುರ ನೆಟ್ಟಿದ್ದವು. ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಅಂಥದ್ದನ್ನು ಕಂಡವರಿಲ್ಲ.

ಆದರೂ ಚಾವಣಿಗೆ ತೂತು ಕೊರೆದು, ಆಂಟೆನಾ ಕೂರಿಸಿ, ಬಂಗಾರಪೇಟೆಗೆ ಪ್ರಯೋಗಯಾತ್ರೆ ಹೊರಟಿತು. ಹೋಗುವಾಗ ಉಪಗ್ರಹ ಬೆನ್ನ ಹಿಂದೆ. ಹುಣಸೆ ಮರ ಬಂದರೆ ಪಲ್ಲವಿ ಹೋಯಿತು, ಲಾರಿ ಪಕ್ಕಕ್ಕೆ ಬಂದರೆ ಚರಣ. ತಿರುವು ಬಂದಾಗಲೆಲ್ಲ ಡ್ರೈವರ್ ಕಿಟಕಿಯಾಚೆ ಕೈ ಚಾಚಲಾರದ್ದರಿಂದ, ಯಜಮಾನರೇ ಸೊಂಟದವರೆಗೆ ಹೊರಬಂದು ಆಂಟೆನಾ ತಿರುಗಿಸುತ್ತಿದ್ದರು. ಎದುರಿನ ಬಸ್ಸಿನವರು ಅವರನ್ನು ಚುನಾವಣೆಗೆ ನಿಂತ ಅಭ್ಯರ್ಥಿಯೆಂದು ಬಗೆದು ಕೈ ಮುಗಿದರೆಂದು ಒಂದು ಐತಿಹ್ಯ.

ಹಾಡು ಅಖಂಡವಾಗಿ ಕೇಳಿದ್ದು ಒಂದೇ ಕಡೆ: ಬಂಗಾರಪೇಟೆಯಲ್ಲಿ, ಪಾನಿಪುರಿ ಗಾಡಿಯ ಮುಂದೆ ಕಾರು ನಿಲ್ಲಿಸಿದಾಗ. ನೀರಿನಷ್ಟೇ ತಿಳಿಯಾದ ಆ ಖಾರದ ಪಾನಿ ಮುಗಿಯುವವರೆಗೂ 'ಸ್ಪರ್ಶ' ಒಂದು ಅಕ್ಷರವನ್ನೂ ನುಂಗಲಿಲ್ಲ. ಇದರಿಂದ ಸಿದ್ಧವಾಗುವ ಪ್ರಮೇಯ: ಓಡಿಸದಿದ್ದರೆ ಕಾರಿನಲ್ಲಿ ಉಪಗ್ರಹ ರೇಡಿಯೊ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ.

ಕಂಪನಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಪ್ರಸಾರ ನಿಂತಿತು. ವಾಗ್ವಾದ ಮಾತ್ರ ನಿಂತಿಲ್ಲ, ಏಕೆಂದರೆ ಚಾವಣಿಯ ತೂತು ಹಾಗೇ ಇದೆ, ಮಳೆಗಾಲದಲ್ಲಿ ನೇರ ಅತ್ತೆಯವರ ಸೀಟಿನ ಮೇಲೆ ತೊಟ್ಟಿಕ್ಕುತ್ತದೆ. ಎಂ-ಸೀಲ್ ಮೆತ್ತಿದರೆ ಸಾಕೆಂದು ರಾಬರ್ಟ್‌ಸನ್‌ಪೇಟೆ ಸಂಪ್ರದಾಯ. ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಲೇಬೇಕೆಂದು ಬಂಗಾರಪೇಟೆ ಸಂಪ್ರದಾಯ. ಖರ್ಚು ಯಾರದ್ದು ಎಂಬ ಬಗ್ಗೆ ಎರಡೂ ಸಂಪ್ರದಾಯಗಳಲ್ಲಿ ಭಿನ್ನಾಭಿಪ್ರಾಯವಿಲ್ಲ.