ಕುರ್ಲಾದಲ್ಲಿ ದೆವ್ವಕ್ಕೆ ಜಾಗವಿಲ್ಲ

ಕಾಡಿನ ದೆವ್ವದ ಸಿನಿಮಾಗಳಿಗೆಲ್ಲ ಒಂದೇ ಪಂಚಾಂಗ. ನಾಲ್ಕೈದು ಮಂದಿ ಹುಮ್ಮಸ್ಸಿನಿಂದ ಕಾಡಿಗೆ ನುಗ್ಗಬೇಕು, ದಾರಿ ತಪ್ಪಬೇಕು, ಆಮೇಲೆ ಅವರಲ್ಲೊಬ್ಬ ಮಹಾಬುದ್ಧಿವಂತ ‘ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗೋಣ’ ಎನ್ನಬೇಕು. ಅಲ್ಲಿಗೆ ದೆವ್ವದ ಅರ್ಧ ಕೆಲಸ ಮುಗಿಯಿತು. ಮುಂಬಯಿಯ ಕುರ್ಲಾದಲ್ಲಿ ಕೂತು ಇದನ್ನು ನೋಡುವವರಿಗೆ ಒಂಟಿತನವೆಂದರೇನು ಎಂಬುದನ್ನು ಮೊದಲು ಯಾರಾದರೂ ವಿವರಿಸಬೇಕು. ಸಂಜೆ ಏಳಕ್ಕೆ ಸೆಂಟ್ರಲ್ ಲೈನಿನಿಂದ ಹಾರ್ಬರ್ ಲೈನಿಗೆ ದಾಟುವ ಸೇತುವೆಯ ಮೇಲೆ ನೀವು ಯಾವ ದಿಕ್ಕಿಗೆ ಹೋಗಬೇಕೆಂದು ತೀರ್ಮಾನಿಸುವವರು ನಿಮ್ಮ ಹಿಂದಿರುವವರು.

1999ರ ‘ದ ಬ್ಲೇರ್ ವಿಚ್ ಪ್ರಾಜೆಕ್ಟ್’ನಲ್ಲಿ ಮೂವರು ವಿದ್ಯಾರ್ಥಿಗಳು ಮೇರಿಲ್ಯಾಂಡಿನ ಕಾಡು ಹೊಗುತ್ತಾರೆ. ಮಾಟಗಾತಿ ಕೊನೆತನಕ ಕಣ್ಣಿಗೆ ಬೀಳುವುದಿಲ್ಲ. ಟೆಂಟಿನ ಹೊರಗಿನ ಸದ್ದಿಗೇ ಎದೆ ಝಲ್ಲೆನ್ನಬೇಕು. ಆದರೆ ಸದ್ದು ಕೇಳಿಸಬೇಕಲ್ಲ! ಅಲ್ಲಿ ಕಡ್ಡಿ ಮುರಿಯುವ ಹೊತ್ತಿಗೆ ಸರಿಯಾಗಿ ಇಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗುತ್ತದೆ. ಅದೇ ಜಾತಿಯ ಕನ್ನಡದ ‘6-5=2’ (2013) ಚಾರಣಿಗರ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳೆಂಬ ನೆಪದಲ್ಲಿ ಹೆದರಿಸುತ್ತದೆ. ನಮ್ಮ ನೆರೆಯವರೊಬ್ಬರು ಅದನ್ನು ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡಿ, ‘ಇಷ್ಟು ಜಾಗ ಖಾಲಿ ಬಿದ್ದಿದೆಯಲ್ಲ, ಚದರಡಿಗೆ ಎಷ್ಟಿರಬಹುದು?’ ಎಂದರು.

ರಾಮ್ ಗೋಪಾಲ್ ವರ್ಮಾ 2003ರ ‘ಭೂತ್’ನಲ್ಲಿ ದೆವ್ವವನ್ನು ಮುಂಬಯಿಯ ಫ್ಲ್ಯಾಟಿಗೇ ಕರೆತಂದರು. ಹಿಂದೆ ಅಲ್ಲಿದ್ದವಳು ಬಿದ್ದು ಸತ್ತ ಸುದ್ದಿ ಗೊತ್ತಿದ್ದೂ ನಾಯಕ ಹೆಂಡತಿಗೆ ಹೇಳದೆ ಮನೆ ಹಿಡಿಯುತ್ತಾನೆ. ಮಿಕ್ಕ ಊರುಗಳಲ್ಲಿ ಜನ ಬೆವರಿರಬಹುದು. ನಾವು ತಲೆದೂಗಿದೆವು: ಅಂಥ ಮನೆ ಸಿಕ್ಕರೆ ಬಿಡುವುದುಂಟೇ?

ಮತ್ಸ್ಯಗಂಧ ರೈಲಿನಲ್ಲಿ ಬಂದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯುವ ನನ್ನ ಕುಂದಾಪುರದ ಅತ್ತೆಗೆ ಈ ಬೇವಾರ್ಸಿ ದೆವ್ವಗಳ ಮೇಲೆ ಗೌರವವಿಲ್ಲ. ಅವರ ಕಾಡಿನಲ್ಲಿ ಎಲ್ಲರಿಗೂ ವಿಳಾಸವುಂಟು: ಹಾಲೆ ಮರದಲ್ಲಿ ಯಕ್ಷಿ, ಅಶ್ವತ್ಥದಲ್ಲಿ ಬ್ರಹ್ಮರಾಕ್ಷಸ, ಬನದಲ್ಲಿ ನಾಗ. ಸಲ್ಲಬೇಕಾದ್ದು ಸಂದರೆ ಯಾರೂ ಬಂದು ಟೆಂಟು ಅಲ್ಲಾಡಿಸುವುದಿಲ್ಲ. 2022ರಲ್ಲಿ ‘ಕಾಂತಾರ’ದ ದೈವದ ಕೂಗಿಗೆ ಚಿತ್ರಮಂದಿರವೇ ಬೆಚ್ಚಿದಾಗ ಅತ್ತೆ ಚಪ್ಪಲಿ ಕಳಚಿ ಕೈಮುಗಿದರು.

ಮುಂಬಯಿಗೂ ಕಾಡುಂಟು. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವೇ ನೂರು ಚದರ ಕಿಲೋಮೀಟರಿಗೂ ಮಿಗಿಲು. ಅದರ ಮಗ್ಗುಲಿನ ಫಿಲ್ಮ್ ಸಿಟಿಗೆ ಚಿರತೆಗಳು ಕಾಲ್‌ಶೀಟ್ ಇಲ್ಲದೆಯೂ ಬಂದು ಹೋಗುತ್ತವೆ. ಆದರೆ ಇಲ್ಲಿಯ ಕಾಡಿನ ನಿಜವಾದ ಭಯಾನಕ ಚಿತ್ರ ಬಿಡುಗಡೆಯಾದದ್ದು 2019ರ ಅಕ್ಟೋಬರ್ 4ರ ರಾತ್ರಿ, ಆರೆ ಕಾಲೊನಿಯಲ್ಲಿ. ಮರ ಉಳಿಸಬೇಕೆಂಬ ಅರ್ಜಿಗಳನ್ನು ಹೈಕೋರ್ಟು ತಳ್ಳಿಹಾಕಿದ ದಿನವೇ ಕತ್ತಲಲ್ಲಿ ಗರಗಸಗಳು ಬಂದವು. ಹಾಲಿವುಡ್‌ನಲ್ಲಿ ಗರಗಸ ಹಿಡಿದವನು ಮನುಷ್ಯರನ್ನು ಅಟ್ಟಿಸಿಕೊಂಡು ಬರುತ್ತಾನೆ, ಓಡಲು ಕಾಲಾದರೂ ಇರುತ್ತದೆ. ಸುಪ್ರೀಂ ಕೋರ್ಟು 7ರಂದು ತಡೆಯುವಷ್ಟರಲ್ಲಿ ಮೆಟ್ರೊ ಕಾರ್ ಶೆಡ್ಡಿಗಾಗಿ 2000ಕ್ಕೂ ಹೆಚ್ಚು ಮರಗಳು ನೆಲ ಕಂಡಿದ್ದವು.

ಟಿವಿಯಲ್ಲಿ ಸುದ್ದಿ ನೋಡಿದ ಅತ್ತೆ, ‘ಅಲ್ದಾ, ಆ ಮರದಗಿದ್ದರೆಲ್ಲ ಎಲ್ಲಿಗ್ ಹೋಯ್ರ್?’ ಎಂದರು.

ನ್ಯಾಯವಾದ ಪ್ರಶ್ನೆ. ಮುಂಬಯಿಯಲ್ಲಿ ನೆಲೆ ಕಳೆದುಕೊಂಡವರಿಗೆ ಪುನರ್ವಸತಿ ಉಂಟು, ಕುರ್ಲಾದಲ್ಲೂ ಅಂಥ ಕಟ್ಟಡಗಳುಂಟು. ಆದರೆ ಗುಡಿಸಲುವಾಸಿಗಳು ಪುಕ್ಕಟೆ ಮನೆ ಕೇಳುವುದಾದರೆ 2000ದ ಜನವರಿ 1ಕ್ಕೆ ಮೊದಲೇ ಅಲ್ಲಿ ವಾಸವಿದ್ದುದಕ್ಕೆ ದಾಖಲೆ ತೋರಿಸಬೇಕು. ಬ್ರಹ್ಮರಾಕ್ಷಸ ನೂರಾರು ವರ್ಷಗಳಿಂದ ಅಲ್ಲೇ ಇದ್ದಿರಬಹುದು. ಕರೆಂಟ್ ಬಿಲ್ ಎಲ್ಲಿಂದ ತರುತ್ತಾನೆ, ಪಾಪ!