ಹದಿಮೂರನೆಯ ಸೀಟಿಗೊಂದು ಅರ್ಜಿ

ಇವರಿಗೆ,
ಮಾನ್ಯ ವ್ಯವಸ್ಥಾಪಕರು,
'ಯಾರೂ ಕಾಣದ ನಾಡುಗಳು' ಪ್ರವಾಸ ವಿಭಾಗ, ಬೆಂಗಳೂರು.

ವಿಷಯ: ಈಕ್ವಟೋರಿಯಲ್ ಗಿನಿ ಪ್ರವಾಸಕ್ಕೆ ಸೀಟು ಕೋರಿಕೆ ಹಾಗೂ ಕೇಳದೆ ಕೊಡುವ ಕೆಲವು ಸಲಹೆಗಳು.

ಮಾನ್ಯರೇ,

ತಮ್ಮ ಕರಪತ್ರ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ತಲುಪಿದೆ. ಕಾವೇರಿ ನೀರು ಬಿಡುವ ಹೊತ್ತು, ಕಳೆದುಹೋದ ಬೆಕ್ಕಿನ ಚಿತ್ರ, ಇವುಗಳ ನಡುವೆ 'ಮಧ್ಯ ಆಫ್ರಿಕಾದ ಕೊನೆಯ ರಹಸ್ಯ, ನುರಿತ ಗೈಡ್ ಜೊತೆ, ಹನ್ನೆರಡೇ ಸೀಟು' ಎಂಬ ಸಾಲು ಕಂಡು ಕೆಲವರು ಕೈಮುಗಿಯುವ ಚಿಹ್ನೆ ಒತ್ತಿದರು, ತೀರ್ಥಯಾತ್ರೆ ಇರಬೇಕೆಂದು. ನಾನೊಬ್ಬ ಪೂರ್ತಿ ಓದಿದೆ. ಹನ್ನೆರಡೂ ತುಂಬಿದ್ದರೆ ಹದಿಮೂರನೆಯವನಾಗಿ ಬರಲು ತಯಾರಿದ್ದೇನೆ. ಅದಕ್ಕೆ ಮೊದಲು ಕರಪತ್ರದ ಕೆಲವು ವಿಚಾರಗಳನ್ನು ತಿದ್ದಿಕೊಂಡರೆ ಇಬ್ಬರಿಗೂ ಒಳ್ಳೆಯದು.

ಎರಡನೇ ಪುಟದಲ್ಲಿ ಗಂಡಹೆಂಡತಿ ಹಳದಿ ಗೆರೆಯೊಂದರ ಆಚೀಚೆ ಕಾಲಿಟ್ಟು ನಿಂತಿದ್ದಾರೆ. ಕೆಳಗೆ 'ಸಮಭಾಜಕ ವೃತ್ತದ ಮೇಲೆ ನಿಂತು ಬನ್ನಿ' ಎಂದಿದೆ. ಚಿತ್ರ ಬೇರೆ ಯಾವುದೋ ದೇಶದ್ದು. ಈಕ್ವಟೋರಿಯಲ್ ಗಿನಿಯ ನೆಲವನ್ನು ಆ ವೃತ್ತ ಎಲ್ಲಿಯೂ ಮುಟ್ಟುವುದಿಲ್ಲ. ರಿಯೊ ಮುನಿ ಎಂಬ ಮುಖ್ಯಭೂಮಿ, ಮಲಾಬೊ ಪಟ್ಟಣವಿರುವ ಬಿಯೊಕೊ ದ್ವೀಪ, ಎರಡೂ ಗೆರೆಯ ಉತ್ತರಕ್ಕಿವೆ. ಅನ್ನೊಬೊನ್ ಎಂಬ ಪುಟ್ಟ ದ್ವೀಪ ದಕ್ಷಿಣಕ್ಕಿದೆ. ಗೆರೆ ನಡುವಿನ ಕಡಲಲ್ಲಿ ಹಾದುಹೋಗುತ್ತದೆ. ಗಿರಾಕಿಗಳನ್ನು ಅದರ ಮೇಲೆ ನಿಲ್ಲಿಸುವ ಉಪಾಯ ತಮಗೆ ಗೊತ್ತಿದ್ದರೆ ದರ ಇನ್ನಷ್ಟು ಏರಿಸಬಹುದು.

'ಯಾರೂ ಮುಟ್ಟದ ನಾಡು' ಎಂದೂ ಬರೆದಿದ್ದೀರಿ. ಕರ್ನಾಟಕದ ಏಳನೇ ಒಂದು ಭಾಗದಷ್ಟಿರುವ ಈ ನಾಡನ್ನು ಮುಟ್ಟದವರ ಪಟ್ಟಿ ಮಾಡುವುದೇ ಸುಲಭ. ಪೋರ್ಚುಗೀಸರು ಮುಟ್ಟಿ, 1778ರಲ್ಲಿ ಸ್ಪೇನಿಗೆ ದಾಟಿಸಿದರು. 1827ರಲ್ಲಿ ಬ್ರಿಟಿಷರು ಬಂದು ಬಂದರು ಕಟ್ಟಿಕೊಂಡರು. ಕೋಕೊ ತೋಟದವರು ನೈಜೀರಿಯಾದಿಂದ ಆಳುಗಳನ್ನು ತಂದು ಬಿಯೊಕೊದ ಇಳಿಜಾರುಗಳಲ್ಲಿ ದುಡಿಸಿದರು. 1968ರಲ್ಲಿ ಸ್ವಾತಂತ್ರ್ಯ ಬಂತು. 1990ರ ದಶಕದ ನಡುವೆ ಕಡಲಡಿಯಲ್ಲಿ ತೈಲ ಸಿಕ್ಕಿದಾಗ ಅಮೆರಿಕದ ಕಂಪನಿಗಳು ಬಂದು ಆಳದವರೆಗೂ ಮುಟ್ಟಿದವು. ಮುಟ್ಟದೆ ಉಳಿದವರು ಪ್ರವಾಸಿಗಳು ಮಾತ್ರ. ಅದೂ ಅವರು ಬೇಡವೆಂದದ್ದಕ್ಕಲ್ಲ. ವಿಶ್ವಸಂಸ್ಥೆಯ 193 ಸದಸ್ಯ ದೇಶಗಳಲ್ಲೂ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಳ್ಳುವ ಹಟದವರು ಆಹ್ವಾನ ಪತ್ರ, ಪೊಲೀಸರ ಸನ್ನಡತೆ ಪತ್ರ ಹಿಡಿದು ಈ ದೇಶದ ರಾಯಭಾರ ಕಚೇರಿಗಳ ಬಾಗಿಲಲ್ಲಿ ಚಪ್ಪಲಿ ಸವೆಸಿದ್ದಾರೆ. ಅಮೆರಿಕದವರಿಗಂತೂ ವೀಸಾವೇ ಬೇಕಿರಲಿಲ್ಲ. ತೈಲಕ್ಕೂ ಅದಕ್ಕೂ ಸಂಬಂಧ ಕಲ್ಪಿಸುವುದು ನನ್ನ ಕೆಟ್ಟ ಬುದ್ಧಿ. 2023ರಲ್ಲಿ ಆನ್‌ಲೈನ್ ವೀಸಾ ಬಂತು. ಇದು ತಮ್ಮ ವಿಭಾಗಕ್ಕೆ ಅಷ್ಟು ಒಳ್ಳೆಯ ಸುದ್ದಿಯಲ್ಲ. ಬಾಗಿಲು ಹೀಗೇ ಸಡಿಲವಾಗುತ್ತ ಹೋದರೆ ತಾವು ಮಾರುವುದೇನು?

ತಮ್ಮ ಸರಕೇ ಆ ಮುಚ್ಚಿದ ಬಾಗಿಲಲ್ಲವೇ? ಅದನ್ನು ಮುಚ್ಚಿದವರು ಯಾರೆಂಬುದಕ್ಕೆ ಕರಪತ್ರದಲ್ಲಿ ಒಂದು ಸಾಲೂ ಇಲ್ಲ. 'ಸ್ಥಿರ ಸರ್ಕಾರವಿರುವ ಸುರಕ್ಷಿತ ದೇಶ' ಎಂದಷ್ಟೇ ಇದೆ. ಸ್ಥಿರತೆಯ ಬಗ್ಗೆ ತಕರಾರಿಲ್ಲ. ತೆಯೊದೊರೊ ಒಬಿಯಾಂಗ್ ಅವರು 1979ರ ಆಗಸ್ಟ್ 3ರಂದು ಕ್ಷಿಪ್ರಕ್ರಾಂತಿ ಮಾಡಿ ಕುರ್ಚಿ ಹಿಡಿದರು. ಇಳಿಸಿದ್ದು ತಮ್ಮದೇ ಮನೆತನದ ಹಿರಿಯ ಫ್ರಾನ್ಸಿಸ್ಕೊ ಮಾಸಿಯಾಸ್ ಎಂಗೇಮಾನನ್ನು. ಮುಂದಿನ ತಿಂಗಳೇ ಅವನಿಗೆ ಗುಂಡಿಟ್ಟು ಮರಣದಂಡನೆಯಾಯಿತು. ಅಂದು ಹುಟ್ಟಿದ ಕೂಸುಗಳಿಗೆ ಈಗ ಮೊಮ್ಮಕ್ಕಳಾಗಿರಬಹುದು, ಅಧ್ಯಕ್ಷರು ಬದಲಾಗಿಲ್ಲ. 2022ರ ಚುನಾವಣೆಯಲ್ಲಿ ಅವರಿಗೆ ಬಿದ್ದದ್ದು ಸುಮಾರು 95 ಶೇಕಡ ಮತ. ಕೆಳಮನೆಯ 100 ಸ್ಥಾನಗಳಲ್ಲಿ 100ನ್ನೂ ಅವರ ಪಕ್ಷದ ಕೂಟವೇ ಗೆದ್ದಿತು. ಉಳಿದ 5 ಶೇಕಡ ಜನ ಯಾರು, ಈಗ ಎಲ್ಲಿದ್ದಾರೆ ಎಂದು ಗೈಡ್ ತೋರಿಸಿದರೆ ಅದಕ್ಕಿಂತ ಅಪರೂಪದ ವನ್ಯಜೀವಿ ದರ್ಶನ ಇನ್ನೊಂದಿರಲಾರದು.

ಫೋಟೊ ವಿಚಾರಕ್ಕೆ ಬರುತ್ತೇನೆ. 'ಮರೆಯಲಾಗದ ಚಿತ್ರಗಳನ್ನು ಸೆರೆಹಿಡಿಯಿರಿ' ಎಂದಿದ್ದೀರಿ. 'ಸೆರೆ' ಯಾರಿಗೆ ಎಂಬುದನ್ನು ಬಿಡಿಸಿ ಹೇಳಿದ್ದರೆ ಚೆನ್ನಿತ್ತು. ಅಧ್ಯಕ್ಷರ ಅರಮನೆ, ವಿಮಾನ ನಿಲ್ದಾಣ, ಬಂದರು, ಸೈನಿಕ, ಪೊಲೀಸ, ಇವರತ್ತ ಕ್ಯಾಮೆರಾ ತಿರುಗಿಸುವಂತಿಲ್ಲ. ಉಳಿದದ್ದರ ಚಿತ್ರ ತೆಗೆಯಲೂ ಸರ್ಕಾರದಿಂದ ಪರವಾನಗಿ ಪಡೆಯಬೇಕೆಂಬ ಪದ್ಧತಿ ಬಹುಕಾಲ ನಡೆದಿತ್ತು. ಮಲಾಬೊದ ಸಾಂತಾ ಇಸಬೆಲ್ ಇಗರ್ಜಿ ಚೆಲುವಾದ ಕಟ್ಟಡ. 2020ರ ಜನವರಿಯಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ ಬೆಂಕಿಗೆ ಸಿಕ್ಕಿತು. ಅದಕ್ಕೂ ಅರಮನೆಗೂ ಹೆಚ್ಚು ದೂರವಿಲ್ಲ. ದೇವರನ್ನು ಚೌಕಟ್ಟಿಗೆ ತರಲು ಹೋದವರು ದೊರೆಯನ್ನು ಹೊರಗಿಡುವ ಕಸರತ್ತು ಮಾಡಬೇಕು. ಮುಖ್ಯಭೂಮಿಯ ದೊಡ್ಡ ಊರು ಬಾಟಾ. ಅಲ್ಲಿ 2021ರ ಮಾರ್ಚ್ 7ರಂದು ಸೈನಿಕ ಶಿಬಿರದಲ್ಲಿಟ್ಟಿದ್ದ ಸ್ಫೋಟಕಗಳು ಸಿಡಿದು 100ಕ್ಕೂ ಹೆಚ್ಚು ಜನ ಸತ್ತರು, ನೂರಾರು ಮಂದಿ ಗಾಯಗೊಂಡರು, ಸುತ್ತಲಿನ ಮನೆಗಳು ನೆಲಕ್ಕೊರಗಿದವು. ತಮ್ಮ ಬಸ್ಸು ಬಾಟಾದ 'ಕಡಲ ದಂಡೆಯ ಸೊಗಸಾದ ರಸ್ತೆ'ಯಲ್ಲಿ ಹೋಗುತ್ತದಂತೆ. ಶಿಬಿರದ ಕಡೆ ಹೋಗುವುದಿಲ್ಲವಂತೆ. ಸೈನ್ಯದ ಜಾಗ, ಫೋಟೊ ನಿಷಿದ್ಧ.

ಇಷ್ಟಾದರೂ ಗೈಡ್ ಬಗ್ಗೆ ನನ್ನಲ್ಲಿ ಕುಚೋದ್ಯವಿಲ್ಲ. ಇಂಥ ದೇಶದಲ್ಲಿ ಗೈಡ್ ಎಂದರೆ ಊರು ತೋರಿಸುವವನು ಮಾತ್ರ ಅಲ್ಲ. ತಡೆಗೇಟು ಬಂದಾಗಲೆಲ್ಲ ಇಳಿದು ಕಾಗದ ತೋರಿಸಿ, ನಕ್ಕು, ಕೈಕುಲುಕಿ ತಂಡವನ್ನು ದಾಟಿಸುವವನೂ ಅವನೇ. ಸಂಜೆ ಹೋಟೆಲಿನಲ್ಲಿ ಬಿಯರು ಕುಡಿಯುತ್ತ 'ನಿಮ್ಮ ಅಧ್ಯಕ್ಷರು ಹೇಗೆ?' ಎಂದು ಧೈರ್ಯವಾಗಿ ಕೇಳುವ ಗಿರಾಕಿ ವಾರ ಕಳೆದರೆ ವಿಮಾನ ಹತ್ತುತ್ತಾನೆ. ಉತ್ತರ ಕೊಟ್ಟವನು ಅಲ್ಲೇ ಬಾಳಬೇಕು. ಕರಪತ್ರದ ಕೊನೆಯ ಪುಟದ ಸಣ್ಣಕ್ಷರದಲ್ಲಿ 'ಗೈಡ್ ಜೊತೆ ರಾಜಕೀಯ ಮಾತಾಡಬಾರದು' ಎಂಬ ಷರತ್ತಿದೆ. ಇಡೀ ಕರಪತ್ರದಲ್ಲಿ ವಿವೇಕದ ಮಾತು ಅದೊಂದೇ. ಅದನ್ನು ಮೊದಲ ಪುಟಕ್ಕೆ ದಪ್ಪಕ್ಷರದಲ್ಲಿ ತನ್ನಿ. ಅದೇ ದೇಶದ ಪರಿಚಯವೂ ಆಗುತ್ತದೆ, ಇನ್ನೊಂದು ಪುಟದ ಅಚ್ಚಿನ ಖರ್ಚೂ ಉಳಿಯುತ್ತದೆ.

ಕಾಡಿನ ಭಾಗ ಮಾತ್ರ ನನ್ನನ್ನು ನಿಜಕ್ಕೂ ಸೆಳೆಯಿತು. ಬಿಯೊಕೊದ ದಕ್ಷಿಣ ತುದಿಯ ಉರೇಕಾದಲ್ಲಿ ವರ್ಷಕ್ಕೆ ಸುಮಾರು 10,450 ಮಿಲಿಮೀಟರ್ ಮಳೆ. ಆಗುಂಬೆಯ ಮಳೆಯ ಬಗ್ಗೆ ನಾವು ಜಂಬ ಕೊಚ್ಚಿಕೊಳ್ಳುತ್ತೇವೆ. ಉರೇಕಾದವರು ಕೇಳಿದರೆ ಕೊಡೆ ಮಡಚಿ ಇಡುತ್ತಾರೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಅಲ್ಲಿಯ ಕಪ್ಪು ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ, ಚಿಪ್ಪಿನ ಬದಲು ತೊಗಲಿನ ಬೆನ್ನಿರುವ ಆಮೆಯೂ ಉಂಟು. ಡ್ರಿಲ್ ಎಂಬ ದೊಡ್ಡ ಮಂಗವೂ ಸೇರಿದಂತೆ ಹಗಲು ಓಡಾಡುವ ಏಳು ಬಗೆಯ ಮಂಗಗಳು ಆ ಒಂದೇ ದ್ವೀಪದಲ್ಲಿವೆ. ಇದನ್ನೆಲ್ಲ ಅರ್ಧ ಪುಟಕ್ಕೆ ತಳ್ಳಿದ್ದೀರಿ. ಒಂದು ತೊಡಕೂ ಇದೆ, ಅದನ್ನೂ ಹೇಳಬೇಕಲ್ಲ. ಕಾಲುದಾರಿ ಬಿಟ್ಟರೆ ಬೇರೆ ದಾರಿಯಿಲ್ಲದಿದ್ದ ಉರೇಕಾಕ್ಕೆ ರಸ್ತೆಯಾದ ಮೇಲೆ ಪ್ರವಾಸಿಗೂ ಸುಲಭವಾಯಿತು, ಬೇಟೆಗಾರನಿಗೂ ಸುಲಭವಾಯಿತು. ಮಲಾಬೊದ ಸಂತೆಯಲ್ಲಿ ಮಂಗದ ಮಾಂಸಕ್ಕೆ ಒಳ್ಳೆಯ ಬೆಲೆಯಿದೆ. ತಮ್ಮ ಗಿರಾಕಿ ಕಾಡಿನಲ್ಲಿ ಕಾಣದ ಮಂಗವನ್ನು ಪೇಟೆಯಲ್ಲಿ ಕಂಡಾನು.

ವಸತಿಯ ಬಗ್ಗೆ. 2011ರಲ್ಲಿ ಆಫ್ರಿಕನ್ ಒಕ್ಕೂಟದ ಶೃಂಗಸಭೆಗೆಂದು ಮಲಾಬೊದ ಹೊರವಲಯದ ಸಿಪೊಪೊದಲ್ಲಿ 52 ಬಂಗಲೆ ಕಟ್ಟಿಸಿದರು, ಬರುವ ರಾಷ್ಟ್ರಾಧ್ಯಕ್ಷರಿಗೆ ಒಂದೊಂದರಂತೆ. ಜೊತೆಗೆ ಐಷಾರಾಮಿ ಹೋಟೆಲು, ಗಾಲ್ಫ್ ಮೈದಾನ. ಅಧ್ಯಕ್ಷರುಗಳು ಕೆಲವೇ ದಿನ ಇದ್ದು ಹೋದರು. ರಿಯೊ ಮುನಿಯ ದಟ್ಟ ಕಾಡಿನೊಳಗೆ ಸಿಯುದಾದ್ ದೆ ಲಾ ಪಾಸ್, ಅಂದರೆ ಶಾಂತಿನಗರ, ಎಂಬ ಹೊಸ ರಾಜಧಾನಿಯನ್ನೇ ಎಬ್ಬಿಸುತ್ತಿದ್ದಾರೆ. ಅಗಲವಾದ ಹೆದ್ದಾರಿ, ದೊಡ್ಡ ಹೋಟೆಲು, ವಿಶ್ವವಿದ್ಯಾಲಯದ ಕಟ್ಟಡ, ಎಲ್ಲ ಉಂಟು, ಜನರೊಂದು ಬಿಟ್ಟು. 2004ರಲ್ಲಿ ಬಾಡಿಗೆ ಸೈನಿಕರು ಸರ್ಕಾರ ಉರುಳಿಸಲು ಹೊರಟು ದಾರಿಯಲ್ಲೇ ಸಿಕ್ಕಿಬಿದ್ದಿದ್ದರು. ಕಡಲಂಚಿನ ರಾಜಧಾನಿಗಿಂತ ಕಾಡೊಳಗಿನದು ಕ್ಷೇಮ ಎಂಬ ಲೆಕ್ಕ ಅಂದಿನಿಂದ ಗಟ್ಟಿಯಾಯಿತಂತೆ. 'ಜನಜಂಗುಳಿಯಿಲ್ಲದ ನಗರ' ಎಂದು ತಾವು ಬರೆದದ್ದರಲ್ಲಿ ಸುಳ್ಳಿಲ್ಲ. ಸಿಲ್ಕ್ ಬೋರ್ಡ್ ದಾಟಿ ಬರುವ ಬೆಂಗಳೂರಿಗರು ಆ ಖಾಲಿ ಹೆದ್ದಾರಿ ಕಂಡು ಕಣ್ಣೀರು ಹಾಕಿಯಾರು.

ನನ್ನ ಮುಖ್ಯ ಸಲಹೆ ಈಗ ಬರುತ್ತದೆ. 'ತೈಲ ಸಂಪತ್ತಿನ ವೈಭವವನ್ನು ಕಣ್ಣಾರೆ ಕಾಣಿ' ಎಂದಿದ್ದೀರಿ. ಆ ವೈಭವಕ್ಕಾಗಿ ಗಿರಾಕಿಗಳನ್ನು ಮಲಾಬೊಗೆ ಕರೆದೊಯ್ದರೆ ಮೋಸವಾಗುತ್ತದೆ. ಪ್ಯಾರಿಸ್ಸಿಗೆ ಕರೆದೊಯ್ಯಿರಿ. ಅಲ್ಲಿ ಆವೆನ್ಯೂ ಫೋಶ್ ಎಂಬ ಸಿರಿವಂತರ ಬೀದಿಯಲ್ಲಿ 101 ಕೋಣೆಗಳ ಮಹಲೊಂದಿದೆ. ಅಧ್ಯಕ್ಷರ ಮಗ, ಈಗಿನ ಉಪಾಧ್ಯಕ್ಷ ತೆಯೊದೊರೊ ಎಂಗೇಮಾ ಒಬಿಯಾಂಗ್ ಮಾಂಗೆ ಸಾರ್ವಜನಿಕ ಹಣ ನುಂಗಿ ಅಲ್ಲಿ ಆಸ್ತಿ ಮಾಡಿದರೆಂದು ಪ್ಯಾರಿಸ್ಸಿನ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು, 2021ರಲ್ಲಿ ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಜಿನೀವಾ. ಅವರಿಂದ ಮುಟ್ಟುಗೋಲು ಹಾಕಿಕೊಂಡ 25 ಕಾರುಗಳನ್ನು ಸ್ವಿಟ್ಜರ್ಲೆಂಡಿನಲ್ಲಿ 2019ರಲ್ಲಿ ಹರಾಜಿಗಿಟ್ಟರು. ಅದರಲ್ಲಿ ಒಂದು ಲ್ಯಾಂಬೊರ್ಗಿನಿಗೇ 80 ಲಕ್ಷ ಡಾಲರ್ ದಾಟಿತು. ಆಮೇಲೆ ಕ್ಯಾಲಿಫೋರ್ನಿಯಾದ ಮಾಲಿಬು. ವರ್ಷಕ್ಕೆ ಒಂದು ಲಕ್ಷ ಡಾಲರ್ ಕೂಡ ಸಂಬಳವಿಲ್ಲದ ಮಂತ್ರಿಯಾಗಿದ್ದಾಗ ಅವರು ಸುಮಾರು 3 ಕೋಟಿ ಡಾಲರಿನ ಮನೆ ಕೊಂಡದ್ದು ಅಲ್ಲೇ. ಮೈಕೆಲ್ ಜಾಕ್ಸನ್ ತೊಟ್ಟಿದ್ದ ಹರಳಿನ ಕೈಗವಸನ್ನೂ ಕೊಂಡಿದ್ದರು. ಅಮೆರಿಕ ಸರ್ಕಾರ ಹೂಡಿದ ಮುಟ್ಟುಗೋಲು ಮೊಕದ್ದಮೆಯ ಶೀರ್ಷಿಕೆಯಲ್ಲಿ ಪ್ರತಿವಾದಿಯ ಜಾಗದಲ್ಲಿದ್ದದ್ದು ಆ ಕೈಗವಸೇ. ಮನುಷ್ಯರು ಯಾರೂ ಕಟಕಟೆ ಹತ್ತದಿದ್ದರೂ ಒಂದು ಗವಸಾದರೂ ಹತ್ತಿತಲ್ಲ.

ಈ ಮಾರ್ಗದ ಅನುಕೂಲಗಳನ್ನು ಯೋಚಿಸಿ. ಎಲ್ಲ ಕಡೆ ಒಳ್ಳೆಯ ರಸ್ತೆ, ಎಲ್ಲ ಕಡೆ ಫೋಟೊಗೆ ಅವಕಾಶ, ಗೈಡ್ ನಿಶ್ಚಿಂತೆಯಿಂದ ಬಾಯಿ ಬಿಡಬಹುದು. ಬಿಯೊಕೊದ ಕಡಲಿಂದ ತೆಗೆದ ತೈಲ ಎಲ್ಲೆಲ್ಲಿ ಹೋಗಿ ಏನೇನಾಯಿತು ಎಂಬುದರ ಪೂರ್ತಿ ದರ್ಶನ. ಇಷ್ಟಾದ ಮೇಲೆ ಯಾರಿಗಾದರೂ ಈಕ್ವಟೋರಿಯಲ್ ಗಿನಿಯನ್ನೂ ನೋಡಬೇಕೆನಿಸಿದರೆ ಎರಡು ದಿನದ ಹೆಚ್ಚುವರಿ ಪ್ಯಾಕೇಜು ಇಡಿ.

ಅನ್ನೊಬೊನ್ ದ್ವೀಪಕ್ಕೆ 'ಡಿಜಿಟಲ್ ಉಪವಾಸ' ಎಂಬ ವಿಶೇಷ ಯೋಜನೆ ಇದೆಯಲ್ಲ, ಅದು ಜಾಣತನ. ಕೊಡಗಿನ ಹೋಮ್‌ಸ್ಟೇಗಳಲ್ಲಿ ನೆಟ್‌ವರ್ಕ್ ಇಲ್ಲದಿರುವುದಕ್ಕೇ ನಾವು ಹೆಚ್ಚು ದುಡ್ಡು ಕೊಡುತ್ತೇವೆ. ಅನ್ನೊಬೊನ್ ಜನರಿಗೆ ಆ ಸೌಕರ್ಯ ಪುಕ್ಕಟೆ ಸಿಕ್ಕಿತು. ಡೈನಮೈಟ್ ಸಿಡಿಸುವುದರಿಂದ ಮನೆ, ಹೊಲ ಹಾಳಾಗುತ್ತಿದೆ ಎಂದು 2024ರ ಜುಲೈಯಲ್ಲಿ ಅವರು ಮಲಾಬೊಗೆ ದೂರು ಬರೆದರು. ಉತ್ತರವಾಗಿ ಹತ್ತಾರು ಜನರ ಬಂಧನವಾಯಿತು, ದ್ವೀಪದ ಇಂಟರ್ನೆಟ್ ಕಡಿದುಹೋಯಿತು. ತಿಂಗಳುಗಟ್ಟಲೆ ಬರಲೇ ಇಲ್ಲ.

'ಇಷ್ಟವಾದರೆ ವಾಸ್ತವ್ಯ ವಿಸ್ತರಿಸಬಹುದು' ಎಂಬುದನ್ನು ಮಾತ್ರ ತೆಗೆದುಹಾಕಿ. 2022ರ ಆಗಸ್ಟ್‌ನಲ್ಲಿ 'ಹೀರೋಯಿಕ್ ಇಡುನ್' ಎಂಬ ತೈಲ ಹಡಗನ್ನು ಅಲ್ಲಿಯ ನೌಕಾಪಡೆ ಹಿಡಿಯಿತು. ಅದರಲ್ಲಿದ್ದ 26 ನಾವಿಕರಲ್ಲಿ 16 ಮಂದಿ ಭಾರತೀಯರು. ಅವರ ವಾಸ್ತವ್ಯ ವಿಸ್ತರಣೆಯಾಗುತ್ತ ಆಗುತ್ತ ನವೆಂಬರ್ ಬಂತು, ಆಮೇಲೆ ನೈಜೀರಿಯಾಕ್ಕೆ ಒಪ್ಪಿಸಿದರು, ಮನೆ ಸೇರಿದ್ದು 2023ರಲ್ಲಿ. ಅವರೂ ಗೈಡೆಡ್ ಪ್ರವಾಸವನ್ನೇ ಮಾಡಿದ್ದರು, ಬಂದೂಕಿನ ಗೈಡು.

'ಆ ಕಡೆ ಕಾಲಿಡುವ ಮೊದಲ ಕನ್ನಡಿಗರಾಗಿ' ಎಂಬ ಸಾಲನ್ನೂ ಅಳಿಸಿಬಿಡಿ. ನಮ್ಮ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಹೊತ್ತು ಆಫ್ರಿಕಾದ ಎಷ್ಟೋ ದೇಶ ಸುತ್ತಿದ್ದಾರೆ. ಪಕ್ಕದ ಗ್ಯಾಬೊನ್‌ಗೂ ಹೋಗಿಬಂದಿದ್ದಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ 30ಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳಿದ್ದರು. ಅವರನ್ನು ಯಾರೂ ಸಾಹಸಿ ಪ್ರವಾಸಿಗಳೆಂದು ಕರೆಯಲಿಲ್ಲ, ಅನುಭವ ಕಥನ ಬರೆಸಲಿಲ್ಲ. ಸಾಲ ಮಾಡಿ ಹೋದವರಿಗೆ ಆ ಬಿರುದು ಸಿಗದು, ಉಳಿತಾಯ ಖರ್ಚು ಮಾಡಿ ಹೋದವರಿಗೆ ಸಿಗುತ್ತದೆ.

ಅರ್ಜಿ ನಮೂನೆ ತುಂಬಿ ಇದರೊಂದಿಗೆ ಲಗತ್ತಿಸಿದ್ದೇನೆ. 'ಉದ್ಯೋಗ' ಎಂಬ ಕಾಲಂ ಮುಂದೆ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಪತ್ರಿಕೆಗಳಿಗೆ ಬರೆಯುವವನು ಎಂದು ಹಾಕಿದರೆ ವೀಸಾ ಕೈತಪ್ಪುವುದು ಖಾತ್ರಿ. ಮಾಸಿಯಾಸ್ ಕಾಲದಲ್ಲಂತೂ 'ಬುದ್ಧಿಜೀವಿ' ಎಂಬ ಪದವನ್ನೇ ನಿಷೇಧಿಸಿದ್ದರು. ಓಡಿಹೋಗದಂತೆ ಜನರ ದೋಣಿಗಳನ್ನೂ ಕಿತ್ತುಕೊಂಡಿದ್ದರು, ಆದರೂ ದೇಶದ ಮೂರನೇ ಒಂದು ಭಾಗದಷ್ಟು ಜನ ಓಡಿಹೋದರು. (ನಮ್ಮಲ್ಲಿ ಆ ಪದಕ್ಕೆ ನಿಷೇಧ ಬೇಕಾಗಲಿಲ್ಲ, ಬೈಗುಳ ಮಾಡಿಕೊಂಡೆವು.) ಆದ್ದರಿಂದ 'ನಿವೃತ್ತ ಲೆಕ್ಕಾಧಿಕಾರಿ' ಎಂದು ಬರೆದಿದ್ದೇನೆ, ಅದೂ ನಿಜವೇ. ಲೆಕ್ಕ ಕೇಳುವ ಅಭ್ಯಾಸ ಇನ್ನೂ ಉಂಟೇ ಎಂದು ರಾಯಭಾರ ಕಚೇರಿಯವರು ವಿಚಾರಿಸಿದರೆ, ದಯವಿಟ್ಟು ಇಲ್ಲವೆಂದೇ ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗಿರಾಕಿ