ಬಾಯಿ ಮುಚ್ಚಿಸುವ ರಿಪೇರಿ

ಮನೆಯಲ್ಲಿ ಮುಲಾಜಿಲ್ಲದೆ ಸತ್ಯ ಹೇಳುವವರು ಯಾರಾದರೂ ಉಳಿದಿದ್ದರೆ, ಅದು ಕಂಪ್ಯೂಟರ್ ಮೇಜಿನ ಕೆಳಗೆ ಕೂತಿರುವ ಯುಪಿಎಸ್ ಮಾತ್ರ. ಕರೆಂಟ್ ಹೋದರೆ ಬೀಪ್, ಬ್ಯಾಟರಿ ಬರಿದಾಗುತ್ತಿದ್ದರೆ ಅವಸರದ ಬೀಪ್, ಲೋಡ್ ಹೆಚ್ಚಾದರೆ ಉಸಿರು ಬಿಡದೆ ಒಂದೇ ಕೂಗು. ಇಂಥ ನಿಷ್ಠುರವಾದಿಯನ್ನು ಯಾವ ಸಂಸಾರ ಸಹಿಸೀತು? ರಿಪೇರಿಗೆ ಬಂದ ಹುಡುಗನನ್ನು ಯಜಮಾನರು ‘ಯಾಕಪ್ಪಾ ಕೂಗ್ತಾ ಇದೆ?’ ಎಂದು ಕೇಳುವುದಿಲ್ಲ. ‘ಆ ಸೌಂಡ್ ಒಂದು ನಿಲ್ಲಿಸಿಬಿಡು ಮಾರಾಯ’ ಎನ್ನುತ್ತಾರೆ. ಹುಡುಗ ಬಝರ್ ಕಿತ್ತು ಕೈಗಿಡುತ್ತಾನೆ. ಅಲ್ಲಿಗೆ ಆ ಮನೆಯ ವಿದ್ಯುತ್ ಸಮಸ್ಯೆ ಬಗೆಹರಿಯಿತು.

ಪಾಪ, ಅದು ಕೂಗುತ್ತಿದ್ದದ್ದು ಬರೀ ಲೆಕ್ಕವನ್ನು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 600 ವಿಎ ಎಂದಿರುತ್ತದೆ. ಹೊರಬಲ್ಲದ್ದು ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸು ಎಂಬುದು ಸಣ್ಣಕ್ಷರದ ಸಂಗತಿ. ಒಳಗಿರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನ ಪುಟ್ಟ ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್. ಅದೂ ಕಾಗದದ ಮೇಲೆ, ಜೋರಾಗಿ ಹೀರಿದರೆ ಅಷ್ಟೂ ದಕ್ಕುವುದಿಲ್ಲ. ಫೈಲ್ ಸೇವ್ ಮಾಡಿ ಮರ್ಯಾದೆಯಿಂದ ಶಟ್‌ಡೌನ್ ಮಾಡಿಕೊಳ್ಳಿ ಎಂದು ಕೊಟ್ಟ ವಾಯಿದೆ ಅದು. ನಾವೋ ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ ಸ್ಪೀಕರ್, ರೂಟರ್, ಮನೆಮಂದಿಯ ಮೊಬೈಲು, ಸಾಲದ್ದಕ್ಕೆ ಲೇಸರ್ ಪ್ರಿಂಟರನ್ನೂ ನೇತುಹಾಕುತ್ತೇವೆ. ಹಾಳೆಗೆ ಶಾಖ ಕೊಡುವ ಗಳಿಗೆಯಲ್ಲಿ ಆ ಪ್ರಿಂಟರ್ ಒಂದೇ ಯುಪಿಎಸ್‌ನ ತಾಕತ್ತನ್ನು ಮೀರಿ ಎಳೆಯುತ್ತದೆ. ಮೂರರಿಂದ ಐದು ವರ್ಷ ಬಾಳಬೇಕಾದ ಬ್ಯಾಟರಿಯನ್ನು ಗಾಳಿಯಾಡದ ಮೂಲೆಗೆ ತಳ್ಳಿ, ಧೂಳಾಗದಿರಲೆಂದು ಕಸೂತಿ ಬಟ್ಟೆ ಹೊದಿಸಿ ಹಬೆಯಲ್ಲಿ ಬೇಯಿಸುತ್ತೇವೆ. ಅದು ಸತ್ತ ದಿನ ‘ಈಗಿನ ಮಾಲೇ ಸರಿಯಿಲ್ಲ’ ಎಂದು ಶ್ರದ್ಧಾಂಜಲಿ.

ಬಾಯಿ ಮುಚ್ಚಿಸುವ ಈ ವಿದ್ಯೆ ಮನೆಯ ಗೋಡೆಗೋಡೆಗೂ ಹಬ್ಬಿದೆ. ಫ್ಯೂಸ್ ಪದೇ ಪದೇ ಹೋಗುತ್ತಿದೆಯೇ? ದಪ್ಪನೆಯ ತಾಮ್ರದ ತಂತಿ ಕಟ್ಟಿ. ಇನ್ನು ಮನೆ ಸುಟ್ಟರೂ ಫ್ಯೂಸ್ ಸುಡುವುದಿಲ್ಲ. 30 ಮಿಲಿಆಂಪಿಯರ್ ಸೋರಿದರೂ ಟ್ರಿಪ್ ಆಗಿ ಜೀವ ಉಳಿಸಲೆಂದು ಕೂರಿಸಿದ ಆರ್‌ಸಿಸಿಬಿ ಮಳೆಗಾಲದಲ್ಲಿ ಕಾಟ ಕೊಡುತ್ತಿದೆಯೇ? ‘ಬೈಪಾಸ್ ಮಾಡಿದೀನಿ ಸಾರ್, ಇನ್ನು ತೊಂದ್ರೆ ಇಲ್ಲ.’ ಮೂರು ಪಿನ್ನಿನ ಪ್ಲಗ್ ಎರಡು ತೂತಿಗೆ ಹೋಗುತ್ತಿಲ್ಲವೇ? ಮೇಲಿನ ದಪ್ಪ ಪಿನ್ ಮುರಿಯಿರಿ. ಅದು ಅರ್ತಿಂಗ್ ಪಿನ್ ಎನ್ನುತ್ತೀರಾ? ಇದ್ದಿಲು, ಉಪ್ಪು ತುಂಬಿದ ಆ ಅರ್ತಿಂಗ್ ಗುಂಡಿ ಕಾರು ನಿಲ್ಲಿಸುವ ಜಾಗದ ಟೈಲ್ಸ್ ಕೆಳಗೆ ಎಂದೋ ಸಮಾಧಿಯಾಗಿದೆ. ಬೇಸಿಗೆಯಲ್ಲಿ ಅದಕ್ಕೊಂದು ಕೊಡ ನೀರು ಹುಯ್ಯಬೇಕೆಂಬ ಮಾತೂ ಅದರ ಜೊತೆಗೇ ಮಣ್ಣಾಯಿತು. ಕಂಪ್ಯೂಟರ್ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಚಪ್ಪಲಿ ಹಾಕಿಕೊಂಡು ಕೂರಿ.

ಬೀದಿಯಲ್ಲೂ ಇದೇ ಧರ್ಮ. ಕಂಬದಲ್ಲಿ ನ್ಯೂಟ್ರಲ್ ಕಿತ್ತರೆ ಒಂದು ಮನೆಯ ಬಲ್ಬ್ ಮಿಣುಕುತ್ತದೆ, ಪಕ್ಕದ್ದು ಝಗಝಗಿಸುತ್ತದೆ. 230 ಬರಬೇಕಾದಲ್ಲಿ ವೋಲ್ಟೇಜ್ 400ರತ್ತ ಏರಬಹುದು. ಯುಪಿಎಸ್ ಒಳಗಿನ ರಿಲೇ ಟಕಟಕ ಒದ್ದಾಡುವಾಗ ಮನೆಯವರು ‘ಇವತ್ತು ಕರೆಂಟ್ ಭರ್ಜರಿಯಾಗಿದೆ’ ಎಂದು ಹಿಗ್ಗುತ್ತಾರೆ. ದೂರು ಕೊಟ್ಟ ಬುದ್ಧಿವಂತನಿಗೆ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಕತ್ತಲಲ್ಲೇ ತಲುಪುತ್ತದೆ. ಬಝರ್ ಕಿತ್ತದ್ದು ಅಲ್ಲಿಯೂ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಯವರೆಗೆ ಸುಮಾರು 150 ಕಿಲೋಮೀಟರ್ ಓಡಿದ ಕರೆಂಟು, ಈಗ ಬೀದಿಯ ಕಂಬದಿಂದ ಮನೆಯ ಮೀಟರಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತದೆ.

ಹಾಗೆಂದು ನಾವು ಕೈಕಟ್ಟಿ ಕೂತವರಲ್ಲ. ಕರೆಂಟ್ ಕೈಕೊಡುತ್ತದೆಂದು ಸ್ಟೆಬಿಲೈಸರ್, ಅದರ ಮೇಲೆ ನಂಬಿಕೆಯಿಲ್ಲವೆಂದು ಯುಪಿಎಸ್, ಅದು ಸಾಲದೆಂದು ಇನ್ವರ್ಟರ್, ಎಲ್ಲಕ್ಕೂ ಕಾವಲಿಗೆ ಸರ್ಜ್ ಪ್ರೊಟೆಕ್ಟರ್. ಈ ಎಲ್ಲ ಪೆಟ್ಟಿಗೆಗಳೂ ಕೊನೆಗೆ ಸೇರುವುದು ಒಂದೇ ಸ್ವಿಚ್‌ಬೋರ್ಡಿಗೆ. ಅದರೊಳಗೆ ಸಡಿಲವಾದ ಒಂದು ಸ್ಕ್ರೂ ಕಿಡಿ ಹಾರಿಸುತ್ತಿರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಅದನ್ನು ಬಿಗಿ ಮಾಡಿಸಿದರೆ, ಅರ್ತಿಂಗ್ ಒಮ್ಮೆ ಪರೀಕ್ಷಿಸಿದರೆ, ಪ್ರಿಂಟರನ್ನು ಬೇರೆ ಸಾಕೆಟ್ಟಿಗೆ ಹಾಕಿದರೆ ಮುಕ್ಕಾಲು ರೋಗ ವಾಸಿ. ಆದರೆ ಸ್ಕ್ರೂ ಬಿಗಿ ಮಾಡಿಸಲು ಹಬ್ಬದ ಆಫರ್ ಇಲ್ಲ, ಇಎಂಐ ಸಿಗುವುದಿಲ್ಲ, ನೆಂಟರಿಗೆ ತೋರಿಸಲೂ ಬರುವುದಿಲ್ಲ. ಹೀಗಿರುವಾಗ ಮರ್ಯಾದಸ್ಥರು ಅಂಥ ಕೆಲಸಕ್ಕೆ ಕೈ ಹಾಕುತ್ತಾರೆಯೇ?